ಚಕ್ಕಡಿ ದಾರಿಯಲ್ಲಿ ಜೀಪು

ಕಪ್ಪತಗುಡ್ಡದ ಬುಡದ ದಾರಿಗಳನ್ನು ಆಫ್‌ರೋಡ್ ಹುಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಲ್ಲಿ ಸೊಂಟದವರೆಗೆ ಹೂಳುವ ಕೆಸರಿಲ್ಲ, ಎದೆ ಝಲ್ ಅನ್ನಿಸುವ ಏರಿಲ್ಲ, ಹೂತ ಗಾಡಿಯನ್ನು ಎಳೆಯುವ ವಿಂಚ್ ಹಗ್ಗ ಬಿಚ್ಚುವ ಪ್ರಸಂಗ ಬರುವುದೇ ಅಪರೂಪ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಗಾಡಿ ಓಡಿಸಿ ಬಂದವರಿಗೆ ಇದು 'ಈಜಿ ಟ್ರಯಲ್'. ಒಂದು ಸಲ ಬರುತ್ತಾರೆ, ಗಾಳಿಯಂತ್ರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ನನಗೆ ಮಾತ್ರ ಈ ದಾರಿಗಳೆಂದರೆ ಪ್ರಾಣ. ಹುಬ್ಬಳ್ಳಿಯಿಂದ ಬೆಳಗಿನ ಜಾವ ಹೊರಟು, ಗದಗ ದಾಟಿ, ಡಂಬಳದ ಹತ್ತಿರ ಡಾಂಬರು ಬಿಟ್ಟು ಮಣ್ಣಿಗೆ ಇಳಿದರೆ ಆಯಿತು, ಸಂಜೆವರೆಗೂ ಬೇರೇನೂ ಬೇಡ.

ಗದಗಿನ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಈ ಗುಡ್ಡದ ಸಾಲು 60 ಕಿಲೋಮೀಟರಿಗೂ ಜಾಸ್ತಿ ಉದ್ದ ಹಬ್ಬಿದೆ. ಗದಗ, ಮುಂಡರಗಿ, ಶಿರಹಟ್ಟಿ, ಮೂರು ತಾಲೂಕಿನವರಿಗೂ ಅದು ತಮ್ಮದೇ ಗುಡ್ಡ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸು ಅಂತ ಇಲ್ಲಿಯವರು ಹೇಳುತ್ತಾರೆ. ಪಶ್ಚಿಮ ಘಟ್ಟದ ಮಳೆ ನೆರಳಿನ ಪ್ರದೇಶ ಇದು. ಮೋಡ ಅಲ್ಲೇ ಸುರಿದು ಹಗುರಾಗಿ ನಮ್ಮ ಕಡೆ ಬರುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಆಯಾ ವರ್ಷದ ಅದೃಷ್ಟ. 250 ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಮರುಭೂಮಿ ಅನ್ನುವ ಲೆಕ್ಕದಲ್ಲಿ ನಮ್ಮದು ಮರುಭೂಮಿಯಲ್ಲ. ಆದರೆ ಮಾರ್ಚ್ ತಿಂಗಳ ಮಧ್ಯಾಹ್ನ ಅತ್ತಿಕಟ್ಟಿ ಕಡೆ ನಿಂತು ನೋಡಿ. ಕೆಂಪು ಕಲ್ಲು, ಒಣಗಿ ಬೆಳ್ಳಗಾದ ಹುಲ್ಲು, ಎಲೆ ಉದುರಿದ ಕಂಟಿ, ನಡುವೆ ಒಣ ಹಳ್ಳ. ಹೆಸರು ಏನಾದರೂ ಇರಲಿ, ಗಂಟಲು ಒಣಗುವುದು ಒಂದೇ ಥರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗುಡ್ಡದ ಮೇಲೆ ಜೀಪು ಹತ್ತಿಸುವ ಬಗ್ಗೆ ನಾನು ಬರೆಯುತ್ತಿಲ್ಲ. 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಸುಮಾರು 244 ಚದರ ಕಿಲೋಮೀಟರ್. ಅದರೊಳಗೆ ಮನಸ್ಸಿಗೆ ಬಂದಲ್ಲಿ ಗಾಡಿ ನುಗ್ಗಿಸುವುದು ಕಾನೂನಿಗೆ ವಿರುದ್ಧ. ಕಾನೂನು ಇಲ್ಲದಿದ್ದರೂ ಅದು ತಪ್ಪೇ. ಅಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ಚಿರತೆ ಇದೆ, ಕೊಂಡುಕುರಿ ಇದೆ. ಕಪ್ಪತ ಮಲ್ಲೇಶ್ವರನಿಗೆ ಹೋಗಬೇಕೆಂದರೆ ಭಕ್ತರು ಹೋಗುವ ರಸ್ತೆ ಇದೆ, ಅದರಲ್ಲಿ ಎಲ್ಲರ ಹಾಗೆ ಹೋಗಬಹುದು. ನಾನು ಹೇಳುತ್ತಿರುವುದು ಕಾಡಿನ ಗಡಿಯ ಹೊರಗೆ, ಗುಡ್ಡದ ಬುಡದಲ್ಲಿ, ಒಂದು ಊರಿನಿಂದ ಇನ್ನೊಂದು ಊರಿಗೆ, ಊರಿನಿಂದ ಹೊಲಕ್ಕೆ, ಹೊಲದಿಂದ ತಾಂಡಾಕ್ಕೆ ಹೋಗುವ ದಾರಿಗಳ ಬಗ್ಗೆ. ಚಕ್ಕಡಿ ದಾರಿಗಳು, ಅಂದರೆ ಎತ್ತಿನ ಗಾಡಿ ಓಡಾಡುವ ದಾರಿಗಳು.

ಚಕ್ಕಡಿ ದಾರಿಯನ್ನು ಜೀಪಿನಿಂದ ಇಳಿದು ಒಮ್ಮೆ ಹತ್ತಿರದಿಂದ ನೋಡಬೇಕು. ಎರಡು ಜಾಡು, ನಡುವೆ ಹುಲ್ಲಿನ ಪಟ್ಟಿ. ಎತ್ತುಗಳು ಗಾಲಿಯ ನೇರಕ್ಕೇ ನಡೆಯುವುದರಿಂದ ನಡುವಿನ ಪಟ್ಟಿಗೆ ಯಾರ ಕಾಲೂ ತಾಗುವುದಿಲ್ಲ, ಅಲ್ಲಿ ಹುಲ್ಲು ಉಳಿಯುತ್ತದೆ. ಹಿಂದೆ ಕಬ್ಬಿಣದ ಪಟ್ಟಾ ಹೊಡೆದ ಕಟ್ಟಿಗೆ ಗಾಲಿ ಕಲ್ಲನ್ನೇ ಸವೆಸಿತ್ತು. ಬಂಡೆ ಮೇಲೆದ್ದ ಕಡೆ ಈಗಲೂ ಬೆರಳು ಹಿಡಿಸುವಷ್ಟು ಗೆರೆ ಕಾಣುತ್ತದೆ. ಆಮೇಲೆ ಟಯರ್ ಚಕ್ಕಡಿ ಬಂತು, ಈಗ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಜಾಡು ಅಗಲ, ಆಳವೂ ಜಾಸ್ತಿ. ಹಳೇ ಚಕ್ಕಡಿ ಜಾಡಿಗೆ ಜೀಪಿನ ಗಾಲಿಗಳ ಅಂತರ ಸರಿಯಾಗಿ ಕೂರುವುದಿಲ್ಲ. ಒಂದು ಗಾಲಿ ಜಾಡಿನೊಳಗೆ ಬಿದ್ದರೆ ಇನ್ನೊಂದು ನಡುವಿನ ಪಟ್ಟಿಯ ಅಂಚು ಹತ್ತುತ್ತದೆ, ಗಾಡಿ ವಾಲುತ್ತದೆ. ಹಾಗಾಗಿ ನಾನು ಒಂದು ಕಡೆಯ ಗಾಲಿಯನ್ನು ನಡುವಿನ ಪಟ್ಟಿಯ ಮೇಲೆ, ಇನ್ನೊಂದನ್ನು ಜಾಡಿನ ಹೊರಗಿನ ಏಣಿನ ಮೇಲೆ ಇಟ್ಟು ನಡೆಸುತ್ತೇನೆ. ಕಲ್ಲು ಎದುರಾದರೆ ಅದನ್ನು ಎರಡು ಗಾಲಿಗಳ ನಡುವೆ ಬಿಟ್ಟುಕೊಳ್ಳುವುದಿಲ್ಲ, ಗಾಲಿಯನ್ನೇ ಕಲ್ಲಿನ ಮೇಲೆ ನಿಧಾನ ಹತ್ತಿಸುತ್ತೇನೆ. ಹಳೇ ಜೀಪಿನಲ್ಲಿ ಎಲ್ಲಕ್ಕಿಂತ ಕೆಳಗೆ ಜೋತಿರುವುದು ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಉಂಡೆ. ಅದಕ್ಕೆ ಕಲ್ಲು ಬಡಿದು ಆಯಿಲ್ ಸೋರಿದರೆ ಅಂದಿನ ತಿರುಗಾಟ ಅಲ್ಲಿಗೇ ಮುಗಿಯಿತು. ಇನ್ನೊಂದು ವಿಷಯ. ಹೆಬ್ಬೆರಳನ್ನು ಸ್ಟೇರಿಂಗ್ ಒಳಗೆ ಸಿಕ್ಕಿಸಬೇಡಿ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ ಗಾಲಿ ಕಲ್ಲಿಗೆ ಒದ್ದರೆ ಸ್ಟೇರಿಂಗ್ ತಟ್ಟನೆ ತಿರುಗಿ ಬೆರಳು ಮುರಿಯುತ್ತದೆ.

ಈ ದಾರಿ ಸುಲಭ ಅನ್ನುತ್ತೇವಲ್ಲ, ಅದು ತಾನಾಗಿಯೇ ಸುಲಭ ಆದದ್ದಲ್ಲ. ಡೋಣಿ ಹತ್ತಿರದ ಒಂದು ಸಣ್ಣ ಇಳಿಜಾರಿನಲ್ಲಿ ಇದನ್ನು ಕಣ್ಣಾರೆ ಕಂಡೆ. ದಾರಿಗೆ ಅಡ್ಡಲಾಗಿ ಗೇಣೆತ್ತರದ ಮಣ್ಣಿನ ದಿಬ್ಬ, ಅದಕ್ಕೆ ಒತ್ತಾಗಿ ಸಾಲು ಕಲ್ಲು. ಮೊದಲು ನೋಡಿದಾಗ ಯಾರೋ ಗಾಡಿ ಬರಬಾರದು ಅಂತ ಹಾಕಿದ್ದಾರೆ ಅನ್ನಿಸುತ್ತದೆ. ಅದು ಮಳೆ ನೀರನ್ನು ದಾರಿಯಿಂದ ಪಕ್ಕದ ಹೊಲದ ಬದುವಿಗೆ ತಿರುಗಿಸುವ ಒಡ್ಡು. ಅದೊಂದು ಇಲ್ಲದಿದ್ದರೆ ಜಾಡೇ ಹಳ್ಳವಾಗಿ ಒಂದೆರಡು ಮಳೆಗಾಲದಲ್ಲಿ ದಾರಿ ಕೊಚ್ಚಿ ಹೋಗುತ್ತದೆ. ಎರಡೂ ಕಡೆ ಬದುವಿನ ಮೇಲೆ ಕಲ್ಲಿನ ಗುಪ್ಪೆಗಳಿವೆ. ಉಳುವಾಗ ಸಿಕ್ಕಿದ್ದು, ದಾರಿಯಲ್ಲಿ ಎತ್ತಿನ ಗೊರಸಿಗೆ ಎಡವಿದ್ದು, ಎಲ್ಲ ಆರಿಸಿ ಎಸೆದದ್ದು. ಅಜ್ಜನ ಕಾಲದಿಂದ ಕೈಗಳು ಆರಿಸುತ್ತಲೇ ಬಂದಿವೆ. ತಗ್ಗು ಬಿದ್ದಲ್ಲಿ ಗುಡ್ಡದ ಬುಡದ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ತಂದು ಸುರಿದಿದ್ದಾರೆ. ನಾವು ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಫೋರ್ ವೀಲ್ ಹಾಕದೆಯೇ ಸಲೀಸಾಗಿ ಸಾಗುವ ಪ್ರತಿ ಮಾರು ದಾರಿಯ ಹಿಂದೆ ಹೀಗೆ ಯಾರದೋ ಬೆನ್ನು ಬಾಗಿದೆ. ಇದು ತಿಳಿದ ಮೇಲೆ ಆ ದಾರಿಯಲ್ಲಿ ಜೋರಾಗಿ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಮಣ್ಣಿನ ವಿಷಯಕ್ಕೆ ಬರೋಣ. ಗುಡ್ಡಕ್ಕೆ ಅಂಟಿಕೊಂಡ ಕಡೆ ಗರಸು, ಕೆಂಪು ಮಸಾರಿ. ಸ್ವಲ್ಪ ಕೆಳಗೆ ಇಳಿದರೆ ಎರೆ, ಕಪ್ಪು ಮಣ್ಣು. ಒಂದೇ ದಾರಿಯಲ್ಲಿ ಹತ್ತು ನಿಮಿಷದೊಳಗೆ ಎರಡೂ ಸಿಗುತ್ತವೆ. ಕಣ್ಣು ಮುಚ್ಚಿ ಕೂತರೂ ಗೊತ್ತಾಗುತ್ತದೆ. ಗರಸಿನ ಮೇಲೆ ಟಯರು ಕರಕರ ಅನ್ನುತ್ತದೆ, ಎರೆಗೆ ಬಂದ ತಕ್ಷಣ ಸದ್ದೇ ನಿಂತು ಗಾಡಿ ಮೆತ್ತಗೆ ತೇಲುತ್ತದೆ. ಮಸಾರಿ ಮಳೆ ನಿಂತ ಮರುದಿನವೇ ಗಟ್ಟಿ. ಎರೆ ಹಾಗಲ್ಲ. ನೀರು ಕುಡಿದು ಉಬ್ಬುತ್ತದೆ, ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡ್ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಎಂಥ ಫೋರ್ ವೀಲ್ ಡ್ರೈವ್ ಇದ್ದರೂ ಪ್ರಯೋಜನವಿಲ್ಲ. ಅದಕ್ಕಿಂತ ಕೆಟ್ಟದ್ದು, ಹಸಿ ಎರೆಯಲ್ಲಿ ಕೊರೆದ ಜಾಡು ಬಿಸಿಲಿಗೆ ಒಣಗಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ನಾವು ಒಂದು ಸಂಜೆ ಮಜಾ ಮಾಡಿ ಹೋದರೆ ಆ ಊರಿನವರು ಆ ಸುಗ್ಗಿ ಪೂರ್ತಿ ಅದೇ ತಗ್ಗಿನಲ್ಲಿ ಚಕ್ಕಡಿ ಹೊಡೆಯಬೇಕು. ಹಾಗಾಗಿ ಹಿಂಗಾರು ಮಳೆ ಮುಗಿದು ನಾಲ್ಕು ಬಿಸಿಲು ಬೀಳುವ ತನಕ ನಾನು ಆ ಕಡೆ ಹೋಗುವುದಿಲ್ಲ. ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಒಳ್ಳೆಯ ಕಾಲ. ಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ, ಕುಸುಬಿ ಹಳದಿಗೆ ತಿರುಗುತ್ತಿರುತ್ತದೆ, ಕೆಲವು ಹೊಲಗಳ ಕಣದಲ್ಲಿ ಕೆಂಪು ಮೆಣಸಿನಕಾಯಿ ಹರವಿರುತ್ತಾರೆ. ಅಂಥ ಕಣದ ಪಕ್ಕ ಹೋಗುವಾಗ ನಡೆಯುವ ವೇಗಕ್ಕೆ ಇಳಿಸಿ. ನಮ್ಮ ಧೂಳು ಬಿದ್ದ ಮೆಣಸಿನಕಾಯಿಗೆ ಪೇಟೆಯಲ್ಲಿ ಬೆಲೆ ಇರುವುದಿಲ್ಲ.

ಮಣ್ಣಿಗೆ ಇಳಿಯುವ ಮುಂಚೆ ಟಯರಿನ ಗಾಳಿ ಸ್ವಲ್ಪ ಬಿಡುತ್ತೇನೆ. ಡಾಂಬರಿನಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದರೆ ಇಲ್ಲಿ 24ರ ಆಸುಪಾಸು ಸಾಕು. ಟಯರು ಅಗಲಕ್ಕೆ ಕೂತು ಹಿಡಿತ ಸಿಗುತ್ತದೆ, ಕುಲುಕಾಟವೂ ಕಡಿಮೆ. ಅದಕ್ಕಿಂತ ಇಳಿಸುವುದು ಬೇಡ. ಕಾರಣ ಬಳ್ಳಾರಿ ಜಾಲಿ. ದಾರಿಯ ಎರಡೂ ಕಡೆ ಬೆಳೆದಿರುತ್ತದೆ, ಬೇಲಿಗೆಂದು ಕಡಿದು ಹಾಕಿದ ಟೊಂಗೆಗಳು ಜಾಡಿಗೂ ಉರುಳಿರುತ್ತವೆ. ಗಾಳಿ ಕಡಿಮೆಯಾದಷ್ಟೂ ಟಯರಿನ ಪಕ್ಕೆ ಹೊರಗೆ ಉಬ್ಬುತ್ತದೆ, ಮುಳ್ಳು ನೇರ ಅಲ್ಲಿಗೇ ನಾಟುತ್ತದೆ. ಪಕ್ಕೆಯ ಪಂಕ್ಚರನ್ನು ತಳದ ಪಂಕ್ಚರಿನ ಹಾಗೆ ಸುಲಭವಾಗಿ ಮುಚ್ಚಲು ಬರುವುದಿಲ್ಲ. ಹಿರೇವಡ್ಡಟ್ಟಿ ಕಡೆಯಿಂದ ಬರುವಾಗ ಒಮ್ಮೆ ಹೀಗೇ ಮುಳ್ಳು ಹೊಕ್ಕಿತು. ಸ್ಟೆಪ್ನಿ ಬದಲಿಸಲು ಜಾಕ್ ಇಟ್ಟರೆ ಮೆತ್ತನೆ ಮಣ್ಣಿನಲ್ಲಿ ಜಾಕೇ ಇಳಿಯುತ್ತಿತ್ತು. ಪಕ್ಕದ ಹೊಲದಲ್ಲಿ ಕಡಲೆ ಕಾಯುತ್ತಿದ್ದ ಹಿರಿಯರು ಒಂದು ಚಪ್ಪಟೆ ಕಲ್ಲು ಹೊತ್ತು ತಂದರು. "ಮೊದ್ಲ ಇದನ್ನ ಇಡ್ರಿ, ಆಮ್ಯಾಗ ಎತ್ರಿ" ಅಂದರು. ಕೆಲಸ ಮುಗಿದ ಮೇಲೆ ಹಸಿ ಕಡಲೆ ಗಿಡ ಒಂದು ಹಿಡಿ ಕಿತ್ತು ಕೊಟ್ಟರು. ಎಲೆ ಮೇಲಿನ ಹುಳಿ ಬೆರಳಿಗೆ ಅಂಟಿ, ಮುಂಡರಗಿಯವರೆಗೂ ನೆಕ್ಕುತ್ತಾ ಬಂದೆ.

ಕಡಲೆ ತಿನ್ನುತ್ತಾ ಮಾತಿಗೆ ಕೂತಾಗ ಅವರೇ ಒಂದು ಕಲ್ಲು ತೋರಿಸಿದರು. ಕಪ್ಪು ಗೆರೆ, ಕೆಂಪು ಗೆರೆ, ಮತ್ತೆ ಕಪ್ಪು. ಇಳಕಲ್ ಸೀರೆಯ ದಡಿ ಇದ್ದ ಹಾಗೆ. ಕೈಯಲ್ಲಿ ಹಿಡಿದರೆ ಆ ಗಾತ್ರದ ಕಲ್ಲು ಇಷ್ಟು ಭಾರ ಇರಬಾರದಲ್ವಾ ಅನ್ನಿಸುತ್ತದೆ. ಅದರಲ್ಲಿ ತುಂಬಿರುವುದು ಕಬ್ಬಿಣ. ಈ ಗುಡ್ಡದ ಬೆನ್ನೆಲುಬೇ ಈ ಪಟ್ಟೆ ಕಲ್ಲು. 250 ಕೋಟಿ ವರ್ಷಕ್ಕೂ ಹಳೆಯದು, ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ದಕ್ಷಿಣ ಭಾರತದ ಈ ಹಳೇ ಕಲ್ಲುಗಳ ಸಮೂಹವನ್ನು ಭೂವಿಜ್ಞಾನಿಗಳು ನಮ್ಮ ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ನಡುನಡುವೆ ಬಿಳಿ ಬೆಣಚು ಕಲ್ಲಿನ ನರಗಳಿವೆ, ಅವುಗಳಲ್ಲಿ ಚಿನ್ನದ ಅಂಶ. ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಡಂಬಳ ಗುಡ್ಡಗಳ ಚಿನ್ನದ ಕಲ್ಲುಗಳ ಬಗ್ಗೆ ಬರೆದರು. ಆ ಕಾಲದಲ್ಲಿ ಜಲಗಾರರು ಮಳೆ ಬಂದು ಹೋದ ಮೇಲೆ ಹಳ್ಳದ ಉಸುಕು ತೊಳೆದು ಚಿನ್ನದ ಕಣ ಆರಿಸುತ್ತಿದ್ದರು. ಮುಂದೆ ಕಂಪನಿಗಳು ಬಂದು ಗಣಿಯನ್ನೂ ತೋಡಿದವು.

ನಾವು ಜೀಪಿನಲ್ಲಿ ದಾಟುವ ಹಳ್ಳಗಳೂ ಇವೇ. ವರ್ಷದ ಬಹುಪಾಲು ಒಣಗಿರುತ್ತವೆ. ದಂಡೆ ಇಳಿಯುವ ಮುಂಚೆ ಗಾಡಿ ನಿಲ್ಲಿಸಿ ಕಾಲ್ನಡಿಗೆಯಲ್ಲಿ ಒಮ್ಮೆ ದಾಟಿ ಬರುವುದು ನನ್ನ ಪದ್ಧತಿ. ಉಸುಕು ಎಲ್ಲಿ ಸಡಿಲ, ಎಲ್ಲಿ ಗಟ್ಟಿ ಅಂತ ಕಾಲಿಗೆ ತಿಳಿದಷ್ಟು ಕಣ್ಣಿಗೆ ತಿಳಿಯುವುದಿಲ್ಲ. ಇಳಿಯುವಾಗ ಲೋ ಗೇರ್, ಬ್ರೇಕ್ ಮೇಲಿಂದ ಕಾಲು ತೆಗೆದು ಇಂಜಿನ್ನೇ ಗಾಡಿಯನ್ನು ತಡೆಯಲಿ. ಉಸುಕಿನಲ್ಲಿ ನಿಲ್ಲಬಾರದು, ರೇಸೂ ಮಾಡಬಾರದು, ಒಂದೇ ಹದದಲ್ಲಿ ದಾಟಬೇಕು. ಗುಡ್ಡದ ತಲೆಯ ಮೇಲೆ ಮೋಡ ಕಪ್ಪಾಗಿದ್ದರೆ ಮಾತ್ರ ಇಳಿಯಲೇಬೇಡಿ. ಇಲ್ಲಿ ಬಿಸಿಲಿದ್ದರೂ ಮೇಲೆ ಬಿದ್ದ ಮಳೆ ಕಲ್ಲು ಗುಡ್ಡದಿಂದ ಜಾರಿ ಬಲುಬೇಗ ಹಳ್ಳಕ್ಕೆ ಬರುತ್ತದೆ.

ಇಷ್ಟೆಲ್ಲ ಕಬ್ಬಿಣ, ಚಿನ್ನ ಇದ್ದ ಮೇಲೆ ಈ ಹೊಲ, ಈ ಚಕ್ಕಡಿ ದಾರಿ ಹೇಗೆ ಉಳಿದವು? ಸುಮ್ನೆ ಉಳಿಯಲಿಲ್ಲ. ಹಳ್ಳಿಗುಡಿ ಸುತ್ತಮುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ತೆಗೆದುಕೊಳ್ಳಲು ಹೊರಟಾಗ 2011ರಲ್ಲಿ ರೈತರು ಬೀದಿಗಿಳಿದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು, 2013ರಲ್ಲಿ ಕಂಪನಿಯೂ ಯೋಜನೆಯಿಂದ ಹಿಂದೆ ಸರಿಯಿತು. ಗುಡ್ಡದ್ದು ಇನ್ನೊಂದು ಕಥೆ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ, 2016ರಲ್ಲಿ ಅದು ವಾಪಸ್. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಹಗಲು ರಾತ್ರಿ ಧರಣಿ ನಡೆಯಿತು, ಏಪ್ರಿಲ್‌ನಲ್ಲಿ ಘೋಷಣೆ ಮತ್ತೆ ಬಂತು. ಡೋಣಿಯ ಸೀಮೆಯಲ್ಲಿರುವ ನಂದಿವೇರಿ ಮಠದ ಸ್ವಾಮೀಜಿಯವರು ಗುಡ್ಡದ ಪರ ಮಾತಾಡುತ್ತಲೇ ಬಂದಿದ್ದಾರೆ. ಆಮೇಲೆ 2019ರ ವನ್ಯಜೀವಿ ಧಾಮ. ಹಳ್ಳಿಗುಡಿ ಕಡೆಯ ದಾರಿಯಲ್ಲಿ ಎರಡೂ ಪಕ್ಕ ಜೋಳ ತೂಗುವಾಗ ನನಗೆ ಈ ವರ್ಷಗಳು ಒಂದೊಂದಾಗಿ ನೆನಪಾಗುತ್ತವೆ. ಆ ಜನ ಅಂದು ಮನೆಯಲ್ಲೇ ಕೂತಿದ್ದರೆ ನಾನು ಇಂದು ಕಾಂಪೌಂಡಿನ ಗೋಡೆ ಪಕ್ಕ ಗಾಡಿ ಓಡಿಸುತ್ತಿದ್ದೆ.

ಎಳ್ಳ ಅಮಾವಾಸ್ಯೆಯ ದಿನ ಈ ದಾರಿಗಳಿಗೆ ಬಂದರೆ ಬೇರೆಯದೇ ಲೋಕ. ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬರುತ್ತದೆ. ಬೆಳಗಿನಿಂದಲೇ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಎತ್ತಿಗೆ ಜೂಲ, ಕೊರಳಿಗೆ ಗೆಜ್ಜೆ, ಕೋಡಿಗೆ ಬಣ್ಣ. ಚಕ್ಕಡಿ ತುಂಬ ಹೆಣ್ಣುಮಕ್ಕಳು, ಮಕ್ಕಳು, ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಗಳು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೋಗುವವರೇ ಈಗ ಜಾಸ್ತಿ, ಆದರೆ ಎತ್ತು ಸಾಕಿದ ಮನೆಯವರು ಆ ದಿನ ಚಕ್ಕಡಿಯನ್ನೇ ಹೂಡುತ್ತಾರೆ. ಅಂದು ನಾನು ದಾರಿಗೆ ಅಡ್ಡ ಹೋಗುವುದಿಲ್ಲ. ಅಗಲ ಇರುವ ಜಾಗ ನೋಡಿ ಜೀಪು ಪೂರ್ತಿ ಬದಿಗೆ ಹಾಕಿ, ಇಂಜಿನ್ ಆರಿಸಿ ಕೂರುತ್ತೇನೆ. ಬೇರೆ ದಿನಗಳಲ್ಲೂ ಎದುರಿಗೆ ಎತ್ತು ಬಂದರೆ ಇದೇ ಕ್ರಮ. ಹಾರ್ನ್ ಹೊಡೆಯುವುದಂತೂ ಇಲ್ಲವೇ ಇಲ್ಲ. ಬೆದರಿದ ಜೋಡಿ ಚಕ್ಕಡಿಯನ್ನು ಎಳೆದುಕೊಂಡು ತಗ್ಗಿಗೆ ನುಗ್ಗಿದರೆ ಆಗುವ ಅನಾಹುತ ದೊಡ್ಡದು.

ಆ ದಿನ ಸುಮ್ಮನೆ ಕೂತ ಅಪರಿಚಿತನನ್ನೂ ಯಾರೂ ಹಾಗೇ ಬಿಡುವುದಿಲ್ಲ. "ಯಾವೂರ್ರಿ? ಬರ್ರಿ, ಊಟ ಮಾಡಿ ಹೋಗೂರಂತ" ಅಂತ ಕರೆಯುತ್ತಾರೆ. ಹೊಲದೊಳಗೆ ಐದು ಸಣ್ಣ ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಹಿರಿಯರು ಅನ್ನ, ಕಡುಬು, ಪಲ್ಯ ಕಲಸಿದ ಚರಗವನ್ನು ಬೆಳೆಯ ನಾಲ್ಕೂ ದಿಕ್ಕಿಗೆ ಎರಚುತ್ತಾ ಸುತ್ತು ಬರುತ್ತಾರೆ. ಮಣ್ಣಿಗೂ ಹಕ್ಕಿಗೂ ಹುಳಕ್ಕೂ ಮೊದಲ ಊಟ. ಬಳಿಕ ನೆರಳಿನಲ್ಲಿ ಎಲ್ಲರೂ ಸಾಲಾಗಿ ಕೂರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರು. ಊಟದ ನಡುವೆ ಯಾರದೋ ಕಾಲುದಾರಿ ಬಗ್ಗೆ ಜಗಳ, ಯಾರದೋ ಬೋರಿಗೆ ನೀರು ಬಿದ್ದ ಸುದ್ದಿ, ಈರುಳ್ಳಿ ರೇಟು. ನಾನು ಎಷ್ಟೋ ಕಡೆ ಗಾಡಿ ಓಡಿಸಿದ್ದೇನೆ. ಟ್ರಯಲ್ ಮಧ್ಯದಲ್ಲಿ ಎಲೆ ಹಾಕಿ ಬಡಿಸುವ ಜಾಗ ಇದೊಂದೇ.

ಹೀಗಿರುವಾಗ ಕೆಲವರು ದಾರಿ ಬಿಟ್ಟು ಗುಡ್ಡದ ಓರೆಗೆ ನೇರ ಗಾಡಿ ಹತ್ತಿಸುವುದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಚಕ್ಕಡಿ ದಾರಿ ಇಳಿಜಾರನ್ನು ಯಾವತ್ತೂ ನೇರ ಹತ್ತುವುದಿಲ್ಲ, ಬಳಸಿ ಹತ್ತುತ್ತದೆ. ಎತ್ತಿಗೂ ಸಲೀಸು, ಮಣ್ಣಿಗೂ ಒಳ್ಳೆಯದು. ಟಯರಿನ ನೇರ ಗೆರೆಯಲ್ಲಿ ಮಳೆ ನೀರು ಓಡಲು ಶುರುವಾದರೆ ಒಂದೇ ಮಳೆಗಾಲಕ್ಕೆ ಕೊರಕಲು ಬೀಳುತ್ತದೆ. ಹುಲ್ಲು ಹೋದ ಜಾಗಕ್ಕೆ ಮತ್ತೆ ಹುಲ್ಲು ಬರಲು ಈ ಒಣ ಸೀಮೆಯಲ್ಲಿ ವರ್ಷಗಳೇ ಬೇಕು. ಅಮೆರಿಕದ ಯೂಟಾ, ಅರಿಝೋನಾ ಕಡೆಯ ಮರುಭೂಮಿಯಲ್ಲಿ ನೆಲದ ಮೇಲೆ ಸೂಕ್ಷ್ಮಜೀವಿಗಳು, ಪಾಚಿ, ಕಲ್ಲುಹೂವು ಸೇರಿ ಹೆಣೆದ ತೆಳ್ಳಗಿನ ಪೊರೆ ಇರುತ್ತದೆ. ಮಣ್ಣು ಗಾಳಿಗೆ ಹಾರದಂತೆ ಹಿಡಿದಿಡುವುದು ಅದೇ. ಒಂದು ಸಲ ಗಾಲಿ ಹಾಯ್ದರೆ ಸರಿಹೋಗಲು ದಶಕಗಳೇ ಹಿಡಿಯುತ್ತವೆ. ಅದಕ್ಕೇ ಅಲ್ಲಿ ಗುರುತು ಮಾಡಿದ ಜಾಡು ಬಿಟ್ಟು ಹೋಗಬೇಡಿ ಅಂತ ಪದೇ ಪದೇ ಹೇಳುತ್ತಾರೆ. ನಮ್ಮಲ್ಲಿ ಹಾಗೆ ಹೇಳುವ ಬೋರ್ಡು ಇಲ್ಲ, ನಾವೇ ತಿಳಿದುಕೊಳ್ಳಬೇಕು.

ಬೆಂಕಿಯ ಬಗ್ಗೆಯೂ ಹೇಳಬೇಕು. ಫೆಬ್ರುವರಿ ಬಂತೆಂದರೆ ಇಲ್ಲಿನ ಹುಲ್ಲು ಕಡ್ಡಿ ಗೀರಿದರೆ ಸಾಕು ಅನ್ನುವಷ್ಟು ಒಣಗಿರುತ್ತದೆ. ಗುಡ್ಡಕ್ಕೆ ಬೆಂಕಿ ಬೀಳುವುದು ಬೇಸಿಗೆಯ ಹಳೇ ರೋಗ. ಬಹಳ ಹೊತ್ತು ಓಡಿದ ಗಾಡಿಯ ಸೈಲೆನ್ಸರ್ ಕೆಂಡದಷ್ಟು ಕಾದಿರುತ್ತದೆ, ಅದರ ಕೆಳಗೆ ಮೊಣಕಾಲೆತ್ತರ ಒಣ ಹುಲ್ಲು ಬಂದರೆ ಹೊತ್ತಿಕೊಳ್ಳಬಹುದು. ನಿಲ್ಲಿಸುವುದಾದರೆ ಬರೀ ನೆಲ ನೋಡಿ ನಿಲ್ಲಿಸಿ. ನಾನು ಜನವರಿ ಮುಗಿದ ಮೇಲೆ ಹುಲ್ಲಿನ ದಾರಿಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಸಮಯ ಇದ್ದರೆ ಗುಡ್ಡದ ಪಶ್ಚಿಮಕ್ಕೂ ಹೋಗಿ, ಶಿರಹಟ್ಟಿ ಕಡೆ. ಅಲ್ಲಿಂದ ಮಾಗಡಿ ಕೆರೆ ಹತ್ತಿರ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಹಗಲು ಕೆರೆಯಲ್ಲಿ ಕೂತು, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಕ್ಕೆ ಮೇಯಲು ಹೋಗುತ್ತವೆ. 2024ರಲ್ಲಿ ಆ ಕೆರೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಪೂರ್ವದಲ್ಲಿ ಡಂಬಳದ ದೊಡ್ಡಬಸಪ್ಪನ ಗುಡಿಯನ್ನಂತೂ ತಪ್ಪಿಸಬೇಡಿ. 12ನೇ ಶತಮಾನದ್ದು, ನಕ್ಷತ್ರದಾಕಾರದ ತಳವಿನ್ಯಾಸ. ಧೂಳು ಹಿಡಿದ ಬಟ್ಟೆಯಲ್ಲೇ ಒಳಗೆ ಹೋಗಿ ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ.

ಈಗ ನನ್ನ ತಲೆಯಲ್ಲಿ ಒಂದು ಯೋಚನೆ ಓಡುತ್ತಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಜೀಪು, ಬೈಕು ಇಟ್ಟುಕೊಂಡು ವಾರದ ಕೊನೆಗೆ ಮಣ್ಣು ಹುಡುಕುವ ಗೆಳೆಯರು ಬೇಕಾದಷ್ಟಿದ್ದಾರೆ. ಎಲ್ಲರ ಡಿಕ್ಕಿಯಲ್ಲೂ ಗಾಡಿ ಹೂತರೆ ಇರಲಿ ಅಂತ ಒಂದು ಸಲಿಕೆ ಇರುತ್ತದೆ. ಹಿಂಗಾರು ಮುಗಿದ ಕೂಡಲೇ, ಸುಗ್ಗಿಯ ಮುಂಚೆ, ಊರಿನವರು ಹೇಗೂ ಒಂದು ದಿನ ದಾರಿ ಸರಿ ಮಾಡುತ್ತಾರೆ. ಉದ್ಯೋಗ ಖಾತ್ರಿಯಲ್ಲಿ ಆದ ಹೊಲದ ರಸ್ತೆಗಳಿವೆ, ಆದರೆ ಒಳಗಿನ ಸಣ್ಣ ದಾರಿಗಳೆಲ್ಲ ಇಂದಿಗೂ ಅವರವರ ಕೈಯಿಂದಲೇ ಆಗಬೇಕು. ಆ ದಿನ ನಾವೂ ಹೋಗೋಣ. ಟ್ರೇಲರಿನಲ್ಲಿ ಗರಸು ತರುವವರು ತರಲಿ, ಕಲ್ಲು ಆರಿಸುವವರು ಆರಿಸಲಿ, ಕೊಚ್ಚಿ ಹೋದ ಒಡ್ಡುಗಳನ್ನು ಮತ್ತೆ ಕಟ್ಟೋಣ. ಡೋಣಿ ಕಡೆಯ ಒಬ್ಬ ರೈತರ ಜೊತೆ ಮಾತಾಡಿದ್ದೇನೆ. "ಬರ್ರಿ, ಸಲಿಕಿ ನಿಮ್ವು ತರ್ರಿ, ರೊಟ್ಟಿ ನಮ್ವು" ಅಂದಿದ್ದಾರೆ. ಬರುವವರು ಮುಂಚೆಯೇ ತಿಳಿಸಿ, ಎಷ್ಟು ಜನ ಅಂತ ಅವರಿಗೆ ಹೇಳಬೇಕು.